ಹಿಟ್ಟು ಹೊರುತ್ತಿದ್ದ ಬೈಕು

ನಮ್ಮ ಬೈಕು ಕಳುವಾದದ್ದು ಜನವರಿಯ ಒಂದು ಬೆಳಿಗ್ಗೆ, ಹದಿನೇಳು ಮನೆಗಳ ದೋಸೆ ಹಿಟ್ಟಿನ ಸಮೇತ. ಕಳ್ಳ ಆ ಹಿಟ್ಟನ್ನು ಏನು ಮಾಡಿದನೋ ನನಗೆ ಇವತ್ತಿಗೂ ಗೊತ್ತಿಲ್ಲ. ದೋಸೆ ಹುಯ್ದು ತಿಂದಿದ್ದರೆ ಸಂತೋಷ, ಚರಂಡಿಗೆ ಸುರಿದಿದ್ದರೆ ಅವನ ಮನೆಯ ಒಲೆ ಉರಿಯದಿರಲಿ ಎಂದು ಆಗ ಶಪಿಸಿದ್ದೆ. ಆ ಶಾಪವನ್ನು ಈಗಲೂ ಹಿಂದಕ್ಕೆ ತೆಗೆದುಕೊಂಡಿಲ್ಲ.

ನಾವು ಕುಂದಾಪುರದ ಕಡೆಯವರು. ನನ್ನ ಗಂಡ ದೆಹಲಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಸರ್ಕಾರಿ ಕ್ವಾರ್ಟರ್ಸಿಗೆ ಅರ್ಜಿ ಹಾಕಿ ವರ್ಷಗಳಾಗಿದ್ದರೂ ಸರದಿ ಬಂದಿರಲಿಲ್ಲ. ಮುನಿರ್ಕಾದಲ್ಲಿ, ಎರಡು ಕೈ ಚಾಚಿದರೆ ಎರಡೂ ಬದಿಯ ಗೋಡೆ ತಾಗುವಂಥ ಗಲ್ಲಿಯೊಂದರ ಎರಡನೇ ಮಹಡಿಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೆವು. ಅಲ್ಲಿ ನಾನು ಹಿಟ್ಟು ರುಬ್ಬುತ್ತಿದ್ದೆ. ರಸ್ತೆಯಾಚೆ ಆರ್.ಕೆ.ಪುರಂನ ಕ್ವಾರ್ಟರ್ಸುಗಳಲ್ಲಿ ನಮ್ಮವರು, ತಮಿಳರು, ಆಂಧ್ರದವರು ಬೇಕಾದಷ್ಟು ಜನ ಇದ್ದರು. ಅವರಲ್ಲಿ ಇಪ್ಪತ್ತಾರು ಮನೆಗಳಿಗೆ ನನ್ನ ಹಿಟ್ಟು ಹೋಗುತ್ತಿತ್ತು. ಪ್ರತಿ ಮನೆಯವರೂ ತಮ್ಮದೇ ಎರಡು ಸ್ಟೀಲ್ ಡಬ್ಬಿ ಕೊಟ್ಟಿದ್ದರು. ತುಂಬಿದ್ದನ್ನು ಕೊಟ್ಟು ಖಾಲಿಯದನ್ನು ತರುವುದು ಪದ್ಧತಿ. ಸಂಜೆ ರುಬ್ಬಿ, ಡಬ್ಬಿಗಳಿಗೆ ತುಂಬಿ, ಚಳಿಗಾಲವಾದರೆ ಮೇಲೆ ಹತ್ತಿ ತುಂಬಿದ ರಜಾಯಿ ಹೊದಿಸಿ ಮಲಗಿಸುತ್ತಿದ್ದೆ. ಮನೆಯಲ್ಲಿದ್ದದ್ದೇ ಎರಡು ರಜಾಯಿ. ದಪ್ಪನೆಯದು ಹಿಟ್ಟಿಗೆ, ಸವೆದದ್ದು ನಮಗೆ. ಬೆಳಿಗ್ಗೆ ನಾಲ್ಕೂವರೆಗೆ ನನ್ನ ಗಂಡ ಎದ್ದು, ಹುಳಿ ಬಂದು ಉಬ್ಬಿದ ಹಿಟ್ಟಿನ ಡಬ್ಬಿಗಳನ್ನು ಬೈಕಿನ ಎರಡೂ ಬದಿಯ ಚೀಲಗಳಲ್ಲಿ ಜೋಡಿಸಿಕೊಂಡು ಹೊರಟರೆ, ಆಫೀಸಿನ ಹೊತ್ತಿಗೆ ಮುಂಚೆ ಎಲ್ಲ ಮನೆ ಮುಗಿಸಿ ಬರುತ್ತಿದ್ದರು.

ಬೈಕು ಹಳೆಯದು. ಚಳಿಯಲ್ಲಿ ಒಮ್ಮೆ ಆಫ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲು ಹತ್ತು ನಿಮಿಷ ಒದೆಯಬೇಕು. ಹಾಗಾಗಿ ಇವರು ಇಂಜಿನ್ ಚಾಲೂ ಇಟ್ಟೇ ಮೆಟ್ಟಿಲು ಹತ್ತುತ್ತಿದ್ದರು. ಮೂರು ಚಳಿಗಾಲ ಹಾಗೇ ಕಳೆದಿತ್ತು. ನಾಲ್ಕನೆಯದರಲ್ಲಿ, ಮಂಜು ಎದುರಿನ ಕಟ್ಟಡವನ್ನೇ ನುಂಗಿದ್ದ ದಿನ, ಮೂರನೇ ಮಹಡಿಯಲ್ಲಿ ಡಬ್ಬಿ ಕೊಡುತ್ತಿದ್ದಾಗ ಕೆಳಗೆ ಬೈಕಿನ ಸದ್ದು ಜೋರಾಗಿ, ಆಮೇಲೆ ದೂರವಾಯಿತಂತೆ. ಇವರು ಕೆಳಗಿಳಿಯುವಷ್ಟರಲ್ಲಿ ಹೊಗೆಯ ವಾಸನೆ ಮಾತ್ರ ಇತ್ತು. ಖಾಲಿ ಡಬ್ಬಿಯೊಂದನ್ನು ಕೈಯಲ್ಲಿ ಹಿಡಿದು ನಡೆದೇ ಮನೆಗೆ ಬಂದರು.

"ಹೋಯ್ತು," ಎಂದರು. ನಾನು ಮೊದಲು ಕೇಳಿದ್ದು "ಹಿಟ್ಟು?" ಎಂದು. ಆಮೇಲೆ ಆ ಮಾತಿಗೆ ನಾಚಿಕೆಯಾಯಿತು.

ಆವತ್ತೇ ಪೊಲೀಸ್ ಠಾಣೆಗೆ ಹೋಗೋಣ ಎಂದರೆ ಇವರು ಜಪ್ಪಯ್ಯ ಎನ್ನಲಿಲ್ಲ. ಕಾರಣ ಹೊರಬೀಳಲು ಸಂಜೆಯಾಯಿತು.

"ಬೆಳಿಗ್ಗೆ ಆರು ಗಂಟೆಗೆ ಅಲ್ಲಿ ಏನ್ ಮಾಡ್ತಿದ್ರಿ ಅಂತ ಕೇಳ್ತಾರೆ."

"ಹಿಟ್ಟು ಹಂಚ್ತಿದ್ದೆ ಅನ್ನಿ. ಗಾಂಜಾ ಹಂಚ್ತಿದ್ರಾ?"

"ನಿಂಗೊತ್ತಾಗಲ್ಲ. ಮನೆಯವರು ಯಾರಾದ್ರೂ ವ್ಯಾಪಾರ ಮಾಡಿದ್ರೆ ಆಫೀಸಿಗೆ ಬರೆದು ತಿಳಿಸ್ಬೇಕು ಅಂತ ರೂಲ್ ಇದೆ. ನಾಲ್ಕು ವರ್ಷದಿಂದ ನಾನು ತಿಳಿಸಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ."

ನನಗೆ ಮೈಯೆಲ್ಲ ಉರಿಯಿತು. ನಾಲ್ಕು ವರ್ಷ ರಟ್ಟೆ ಸೋಲುವ ಹಾಗೆ ರುಬ್ಬಿದ ಕೆಲಸ ಇವರ ಲೆಕ್ಕದಲ್ಲಿ ಬಚ್ಚಿಡಬೇಕಾದ ಅಡಿಕೆ! ಮರುದಿನ ನಾನೇ ಮುಂದಾಗಿ, ಇವರನ್ನು ಹಿಂದೆ ಕರೆದುಕೊಂಡು ಠಾಣೆಗೆ ಹೋದೆ. ಅಲ್ಲಿ ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು ಕುಳಿತಿದ್ದ ಪೊಲೀಸಿನವ ಕೀಲಿ ಎಲ್ಲಿತ್ತು ಎಂದ. ಗಾಡಿಯಲ್ಲೇ ಎಂದರು ಇವರು. ಇಂಜಿನ್? ಚಾಲೂ ಇತ್ತು. ಅವನು ಪೆನ್ನು ಕೆಳಗಿಟ್ಟ.

"ಭಾಯಿಸಾಬ್, ಯೇ ಚೋರೀ ನಹೀಂ, ದಾನ್ ಹೈ."

ಕಳುವಲ್ಲ, ದಾನವಂತೆ! ಕೋಟೆ ಸೂರೆ ಹೋದ ಮೇಲೆ ಬಾಗಿಲು ಹಾಕುವ ಬುದ್ಧಿಮಾತನ್ನೂ ಹೇಳಿ, ಕೊನೆಗೆ ದೂರು ಬರೆದುಕೊಂಡ. ಹದಿನೇಳು ತುಂಬಿದ ಡಬ್ಬಿಗಳ ಜೊತೆ ಎಂಟು ಖಾಲಿ ಡಬ್ಬಿಗಳನ್ನೂ ಬರೆಸಿದೆ. ಅವುಗಳ ಮೇಲೆಲ್ಲ ಯಾರ ಯಾರದೋ ಹೆಂಡತಿಯರ ಹೆಸರು ಕೆತ್ತಿಸಿದ್ದರು. ಒಂದಂತೂ ತವರಿನವರು ಮದುವೆಯಲ್ಲಿ ಕೊಟ್ಟದ್ದು. ಅದನ್ನು ಕಳೆದುಕೊಂಡಾಕೆ ಫೋನಿನಲ್ಲಿ ಬೈಕಿಗಿಂತ ಆ ಡಬ್ಬಿಗೇ ಹೆಚ್ಚು ಅತ್ತರು. ಅಷ್ಟೂ ಡಬ್ಬಿಗಳನ್ನು ನಾನು ಹೊಸದಾಗಿ ತಂದು ಇವರ ಕೈಯಲ್ಲಿ ಕಳಿಸಿದೆ.

ಇನ್ನು ಆಫೀಸಿನ ಭಯ. ವಾರದ ಕೊನೆಗೆ ಇವರು ಧೈರ್ಯ ಮಾಡಿ ತಮ್ಮ ಮೇಲಧಿಕಾರಿಗೆ ವಿಷಯ ಹೇಳಿದರು. ಅವರು ಒಂದು ಪುಟ ಬರೆದುಕೊಡಿ, ಫೈಲಿಗೆ ಹಾಕುತ್ತೇನೆ ಎಂದರಂತೆ. ಅವರ ಹೆಂಡತಿಯೂ ಹೊಲಿಗೆ ಕ್ಲಾಸು ನಡೆಸುತ್ತಿದ್ದರಂತೆ. ನಾಲ್ಕು ವರ್ಷ ಹೊಟ್ಟೆಯೊಳಗೆ ಕಟ್ಟಿಕೊಂಡಿದ್ದ ಭಯ ಒಂದು ಪುಟದಲ್ಲಿ ಮುಗಿಯಿತು. ನಾನು ನಗಲಿಲ್ಲ. ನಗಬೇಕೆನಿಸಿತ್ತು.

ಆದರೆ ಬೈಕು ಇಲ್ಲದ ಮೇಲೆ ಹಿಟ್ಟೂ ನಿಂತಿತ್ತು. ವಿಮೆಯಿಂದ ಒಂದು ಕಾಸೂ ಬರುವಂತಿರಲಿಲ್ಲ. ಹಳೆಯ ಗಾಡಿ, ಮಾಡಿಸಿದ್ದು ಎದುರಿನವರಿಗೆ ಪೆಟ್ಟಾದರೆ ಕೊಡುವ ವಿಮೆ ಮಾತ್ರ. ಕೈಯಲ್ಲಿದ್ದದ್ದು ಅಂಚೆ ಕಚೇರಿಯಲ್ಲಿ ನಾನು ತಿಂಗಳು ತಿಂಗಳು ಕಟ್ಟಿದ್ದ ದುಡ್ಡೊಂದೇ. ಅದರ ಮೇಲೆ ನನ್ನ ಆಸೆ ಬೇರೆ ಇತ್ತು. ನನ್ನ ಪುಟ್ಟ ಗ್ರೈಂಡರಿನಲ್ಲಿ ಇಪ್ಪತ್ತಾರು ಮನೆಗೆ ಐದು ಸಲ ರುಬ್ಬಬೇಕಿತ್ತು. ಕಲ್ಲು ಬಿಸಿಯಾಗಿ, ಮೋಟರು ನರಳಿ, ನಡುವೆ ಕರೆಂಟು ಹೋಗಿ, ಸಂಜೆಯೆಲ್ಲ ಅದರ ಮುಂದೆಯೇ ಕಳೆಯುತ್ತಿತ್ತು. ಹತ್ತು ಲೀಟರಿನ ದೊಡ್ಡ ಗ್ರೈಂಡರ್ ಬಂದರೆ ಒಂದೂವರೆ ಗಂಟೆಯ ಕೆಲಸ. ಫೆಬ್ರವರಿಯಲ್ಲಿ ಹಣ ಕೈಗೆ ಬಂದೊಡನೆ ತರಿಸುವುದೆಂದು ಅಂಗಡಿಯವನಿಗೆ ಹೇಳಿಯೂ ಆಗಿತ್ತು.

ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: ಮೊದಲು ಬೈಕು ತಗೊಳ್ಳಿ. ಮನೆಯೊಡತಿ ಹೇಳಿದಳು, ಊರಿನಿಂದ ನನ್ನ ಅಕ್ಕ ಫೋನಿನಲ್ಲಿ ಹೇಳಿದಳು. ಗಲ್ಲಿಯ ತುದಿಯ ಮೆಕ್ಯಾನಿಕ್ ಒಂದು ಸೆಕೆಂಡ್ ಹ್ಯಾಂಡ್ ಗಾಡಿಯನ್ನು ಒರೆಸಿ ಹೊಳೆಯಿಸಿ ತೋರಿಸಿಯೇಬಿಟ್ಟ, ದುಡ್ಡು ಫೆಬ್ರವರಿಯಲ್ಲಿ ಕೊಟ್ಟರೂ ಸಾಕೆಂದ. ಬೆಲೆ, ನನ್ನ ಅಂಚೆ ಕಚೇರಿಯ ದುಡ್ಡಿಗೆ ಅಳತೆ ತೆಗೆದು ಹೊಲಿದ ಹಾಗೆ ಇತ್ತು. ನಾನು ಹಿಂದಿನ ಸೀಟಿನಲ್ಲಿ ಕೂತು ಒಂದು ಸುತ್ತು ಹೋಗಿಬಂದೆ. ಗಾಡಿ ಚೆನ್ನಾಗಿತ್ತು. ಹೂಂ ಎನ್ನುವುದೊಂದು ಬಾಕಿ. ಆದರೆ ಲೆಕ್ಕ ಹಾಕಿದೆ. ಗ್ರೈಂಡರ್ ಇದ್ದು ಬೈಕಿಲ್ಲದಿದ್ದರೆ ಹಿಟ್ಟು ಮನೆಯಲ್ಲೇ ಕೊಳೆಯುತ್ತದೆ, ಬೈಕಿದ್ದು ಗ್ರೈಂಡರ್ ಇಲ್ಲದಿದ್ದರೆ ನಾನು ಕೊಳೆಯುತ್ತೇನೆ. ಎರಡು ದಿನ ಟೈಮು ಕೇಳಿದೆ.

ಆ ಎರಡು ದಿನದಲ್ಲೇ ಉದ್ದು ಬೇಡವೆಂದು ಹೇಳಲು ಹೋಟೆಲಿಗೆ ಹೋದೆ. ಬೈಂದೂರಿನ ಕಡೆಯವರೊಬ್ಬರು ಹತ್ತಿರದ ಮಾರ್ಕೆಟಿನಲ್ಲಿ ಹೋಟೆಲು ನಡೆಸುತ್ತಿದ್ದರು. ಅವರು ಮೂಟೆಗಟ್ಟಲೆ ತರಿಸುವ ಉದ್ದಿನಲ್ಲಿ ನನಗೂ ಹತ್ತು ಕಿಲೋ ಅದೇ ದರಕ್ಕೆ ಕೊಡುತ್ತಿದ್ದರು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಗಲ್ಲಾದ ಮೇಲೆ ಕೂತೇ ನನ್ನ ಕಥೆಯನ್ನೆಲ್ಲ ಕೇಳಿದರು. ಕಳ್ಳನ ವಿಷಯಕ್ಕೆ ಅವರು ಬೆಚ್ಚಲಿಲ್ಲ, ದೆಹಲಿಯಲ್ಲಿ ಅವರದೇ ಎರಡು ಸ್ಕೂಟರ್ ಹೋಗಿದ್ದವು. ಬೆಚ್ಚಿದ್ದು ಬೇರೆಯದಕ್ಕೆ.

"ಏನಂದೆ? ಹುಳಿ ಬಂದ ಹಿಟ್ಟನ್ನು ಬೈಕಿನಲ್ಲಿ ತಗೊಂಡು ಹೋಗ್ತಿದ್ರಾ?"

"ಹೌದಣ್ಣ."

"ಈ ರಸ್ತೆಯ ಸ್ಪೀಡ್‌ ಬ್ರೇಕರುಗಳ ಮೇಲೆ? ಉಬ್ಬಿದ ಹಿಟ್ಟನ್ನು ಕುಣಿಸಿಕೊಂಡು? ಮಾರಾಯ್ತಿ, ಉಬ್ಬಿದ್ದೆಲ್ಲ ಇಳಿದು ಹೋಗುದಿಲ್ವಾ?"

ಇಳಿಯುತ್ತಿತ್ತು. ಅದಕ್ಕೇ ನಾನು ಚಿಟಿಕೆ ಸೋಡಾ ಹಾಕುತ್ತಿದ್ದೆ. ಕೌಂಟರಿನ ಮೇಲಿದ್ದ ಸೋಂಪಿನ ತಟ್ಟೆ ನೋಡುತ್ತ ನಿಂತೆ. ಅವರಿಗೆ ಗೊತ್ತಾಯಿತು.

"ನಮ್ಮ ಇನ್ನೊಂದು ಹೋಟೆಲಿಗೆ ಹಿಟ್ಟು ಇಲ್ಲಿಂದಲೇ ಹೋಗುದು. ರುಬ್ಬಿದ ಕೂಡಲೇ ಕಳಿಸ್ತೇವೆ. ಅಲ್ಲಿ ಹೋಗಿ ಕೂತು ಹುಳಿ ಬರ್ತದೆ. ದಾರಿಯಲ್ಲಿ ಎಷ್ಟು ಕುಣಿದ್ರೂ ಅದಕ್ಕೇನಾಗುದಿಲ್ಲ. ನೀನ್ಯಾಕೆ ಬೆಳಿಗ್ಗೆ ಕಳಿಸ್ತಿದ್ದಿ?"

ಯಾಕೆ? ಮನೆಗೆ ನಡೆಯುತ್ತ ಅದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳಿಕೊಂಡೆ. ಯಾವ ಮನೆಯವರೂ ಬೆಳಿಗ್ಗೆಯೇ ಬೇಕು ಎಂದಿರಲಿಲ್ಲ. ನನ್ನ ಗಂಡನಿಗೆ ಪುರುಸೊತ್ತು ಇದ್ದದ್ದು ಆಫೀಸಿಗೆ ಮುಂಚೆ. ಬೈಕು ಇದ್ದದ್ದು ಅವರ ಕೈಯಲ್ಲಿ. ಹಾಗಾಗಿ ಹಿಟ್ಟು ಬೆಳಿಗ್ಗೆ ಹೋಗುತ್ತಿತ್ತು, ಬೆಳಿಗ್ಗೆ ಹೋಗುವುದಕ್ಕಾಗಿ ರಾತ್ರಿ ನಮ್ಮ ರಜಾಯಿಯೊಳಗೆ ಹುಳಿ ಬರುತ್ತಿತ್ತು, ಹುಳಿ ಬಂದದ್ದು ದಾರಿಯಲ್ಲಿ ಇಳಿಯುತ್ತಿದ್ದುದರಿಂದ ನಾನು ಸೋಡಾ ಹಾಕುತ್ತಿದ್ದೆ. ನಾಲ್ಕು ವರ್ಷ ನನ್ನ ವ್ಯಾಪಾರ ಬೈಕಿನ ಹಿಂದೆ ಓಡಿತ್ತು. ಆ ದಾರಿಯಲ್ಲೇ ನಾನು ಗಟ್ಟಿ ಮನಸ್ಸು ಮಾಡಿದೆ.

"ಮೂರು ವಾರ ಕೊಡಿ," ಎಂದೆ ಇವರಿಗೆ. "ಮಧ್ಯಾಹ್ನ ರುಬ್ತೇನೆ. ಸಂಜೆ ನಾನೇ ಕೊಟ್ಟು ಬರ್ತೇನೆ."

"ಹೇಗೆ?"

"ನಡ್ಕೊಂಡು."

"ಇಪ್ಪತ್ತಾರು ಮನೆ?"

"ಹತ್ತಿರದ ಹನ್ನೊಂದು ಮನೆ. ಉಳಿದವರಿಗೆ ಸದ್ಯಕ್ಕೆ ಇಲ್ಲ ಅಂತ ಹೇಳಿಬಿಡ್ತೇನೆ."

"ಅಷ್ಟರಲ್ಲಿ ಆ ಬೈಕು ಮಾರಿಹೋಗುತ್ತೆ."

"ಹೋಗಲಿ," ಎಂದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ನನಗೆ ಹೇಳುತ್ತ ಬಂದವರು ಅವರೇ.

ಸರೋಜಿನಿ ನಗರದ ಫುಟ್‌ಪಾತಿನಲ್ಲಿ ಚಕ್ರವಿರುವ ಸಾಮಾನಿನ ಚೀಲವೊಂದನ್ನು ಚೌಕಾಸಿ ಮಾಡಿ ತಂದೆ. ಮೊದಲ ಸಂಜೆ ಅದರಲ್ಲಿ ಹನ್ನೊಂದು ಡಬ್ಬಿ ತುಂಬಿ ಎಳೆದುಕೊಂಡು ರಸ್ತೆ ದಾಟಿದೆ. ನಾಲ್ಕು ವರ್ಷ ಹಿಟ್ಟು ಕಳಿಸಿದ್ದೆ, ಒಂದು ಮನೆಯ ಮೆಟ್ಟಿಲನ್ನೂ ನಾನು ಹತ್ತಿರಲಿಲ್ಲ. ಮೊದಲ ಮನೆ ಮೂರನೇ ಮಹಡಿಯದು. ಧಾರವಾಡದ ಕಡೆಯ ವಯಸ್ಸಾದ ಹೆಂಗಸು ಬಾಗಿಲು ತೆರೆದು ನನ್ನನ್ನೂ ಚೀಲವನ್ನೂ ನೋಡಿದರು.

"ಎಲ್ಲಿ ಅವರು, ಹಿಟ್ಟಿನವರು?"

"ನಾನು ಅವರ ಮನೆಯವಳು. ಹಿಟ್ಟು ರುಬ್ಬೋದು ನಾನೇ."

"ಹೌದೇನವ್ವಾ! ಅವರೇ ರುಬ್ಬತಾರಂತ ತಿಳಿದಿದ್ದೆ ನಾ. ಇಷ್ಟು ವರ್ಷ ಭಾಳ ಚಲೋ ರುಬ್ಬತೀರಿ ಅಂತ ಅವರಿಗೇ ಹೇಳತಿದ್ದೆ."

ಇವರು ಆ ಹೊಗಳಿಕೆಯನ್ನು ಒಂದು ದಿನವೂ ಮನೆಗೆ ತಂದಿರಲಿಲ್ಲ. ಮೆಟ್ಟಿಲಿಳಿಯುವಾಗ ಸಿಟ್ಟೂ ಬಂತು, ಸಂತೋಷವೂ ಆಯಿತು. ಆಕೆ ಕೊಟ್ಟ ದುಡ್ಡನ್ನು ಮುಷ್ಟಿಯಲ್ಲೇ ಹಿಡಿದು ಎರಡನೇ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಹನ್ನೊಂದರಲ್ಲಿ ಆರು ಮನೆಯ ಹಿಟ್ಟು ಉಬ್ಬಿರಲಿಲ್ಲ. ದೆಹಲಿಯ ಜನವರಿಯ ಚಳಿ ಹಿಟ್ಟನ್ನು ಕಲ್ಲು ಮಾಡಿ ಕೂರಿಸಿತ್ತು. ಒಬ್ಬಾಕೆಯಂತೂ ಹಾಳಾಗದಿರಲಿ ಎಂದು ಫ್ರಿಜ್ಜಿನಲ್ಲೇ ಇಟ್ಟುಬಿಟ್ಟಿದ್ದರು. ಇವರು ಆಫೀಸಿಗೆ ಹೊರಡುತ್ತ ಫೋನಿನ ಕಡೆ ನೋಡಿ, ನನ್ನ ಕಡೆ ನೋಡಿ, ಮಫ್ಲರ್ ಸುತ್ತಿಕೊಂಡು ಹೋದರು. ನಾನು ಹೇಳಿದ್ದೆನಲ್ಲ ಎಂದು ಬಾಯಿಬಿಟ್ಟು ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ಬಿಟ್ಟರೆ ಕೆಟ್ಟೆ ಎಂದು ಗೊತ್ತಿತ್ತು. ಆ ಮಧ್ಯಾಹ್ನ ಆರೂ ಮನೆಗೆ ಹೋದೆ, ದುಡ್ಡು ವಾಪಸು ಕೊಟ್ಟೆ, ಅವರವರ ಅಡಿಗೆಮನೆಗೆ ಹೋಗಿ ಡಬ್ಬಿ ಎಲ್ಲಿಟ್ಟಿದ್ದರು ಎಂದು ನೋಡಿದೆ. ಒಂದು ಮನೆಯಲ್ಲಿ ಕಿಟಕಿಯ ಕೆಳಗೆ, ಇನ್ನೊಂದರಲ್ಲಿ ತಣ್ಣನೆಯ ಕಲ್ಲಿನ ಕಟ್ಟೆಯ ಮೇಲೆ. ಅಕ್ಕಿ ಡಬ್ಬದೊಳಗೆ ಅಕ್ಕಿಯ ನಡುವೆ ಹೂತಿಡಿ ಎಂದೆ ಒಬ್ಬರಿಗೆ. ಹಳೆಯ ಶಾಲು ಸುತ್ತಿ ಮಂಚದ ಮೂಲೆಯಲ್ಲಿ ಮಲಗಿಸಿ ಎಂದೆ ಇನ್ನೊಬ್ಬರಿಗೆ. ಅವರ ಗಂಡ, ಹಾಗಾದರೆ ನಾನೆಲ್ಲಿ ಮಲಗಲಿ ಎಂದು ನಕ್ಕರು. ರುಬ್ಬುವಾಗ ನಾನೂ ಉಗುರುಬೆಚ್ಚಗಿನ ನೀರು ಹಾಕಿದೆ, ಹಿಂದಿನ ದಿನದ ಹುಳಿ ಹಿಟ್ಟು ಒಂದು ಸೌಟು ಬೆರೆಸಿದೆ, ಉಪ್ಪು ಹಾಕಿ ಬರಿಗೈಯಿಂದ ಕಲಸಿದೆ. ಆರು ಮನೆ ನಾಲ್ಕಾಯಿತು, ನಾಲ್ಕು ಎರಡಾಯಿತು. ನಡುವೆ ಒಂದು ದಿನ ಎಲ್ಲ ಸರಿಯಾಯಿತೆಂದುಕೊಂಡರೆ ಮತ್ತೆ ಐದು ಮನೆಯಲ್ಲಿ ಕೈಕೊಟ್ಟಿತು. ಅವತ್ತು ಗ್ರೈಂಡರಿನ ಪಕ್ಕದಲ್ಲಿ ಕೂತು ಅತ್ತೆ. ಅತ್ತು ಮುಗಿದ ಮೇಲೆ ಎದ್ದು ರುಬ್ಬಿದೆ. ಮೂರನೇ ವಾರದ ಕೊನೆಗೆ ಹನ್ನೊಂದು ಮನೆಯಿಂದಲೂ ಒಂದು ದೂರಿಲ್ಲ. ಧಾರವಾಡದಾಕೆ ತಾವೇ ಫೋನು ಮಾಡಿ, ಇಡ್ಲಿ ಇಷ್ಟು ಮೆತ್ತಗೆ ಯಾವತ್ತೂ ಆಗಿರಲಿಲ್ಲ ಎಂದರು. ಸೋಡಾದ ಡಬ್ಬಿಯನ್ನು ಬಟ್ಟೆಯ ಕಲೆ ತೆಗೆಯಲು ಬಚ್ಚಲಿನಲ್ಲಿಟ್ಟೆ.

ಇಷ್ಟು ದಿನವೂ ನನ್ನ ಗಂಡ ಬಸ್ಸಿನಲ್ಲಿ ಆಫೀಸಿಗೆ ಹೋಗಿಬರುತ್ತಿದ್ದರು. ಬೆಳಿಗ್ಗೆ ನಾಲ್ಕೂವರೆಗೆ ಎಚ್ಚರವಾಗುವುದು ಮಾತ್ರ ತಪ್ಪಿರಲಿಲ್ಲ. ಎದ್ದು, ಚಹಾ ಮಾಡಿಕೊಂಡು, ಕಿಟಕಿಯ ಹತ್ತಿರ ಕೂರುತ್ತಿದ್ದರು. ಚಳಿಯಲ್ಲಿ ಮೆಟ್ಟಿಲು ಹತ್ತಿಳಿಯುವ ಕಷ್ಟ ತಪ್ಪಿತು, ಹಿಟ್ಟು ಹೊರುವ ನಾಚಿಕೆಯೂ ತಪ್ಪಿತು, ಪಾಪ ಸುಖವಾಗಿರಲಿ ಎಂದು ನಾನು ಮಗ್ಗುಲು ಬದಲಿಸಿ ಮಲಗುತ್ತಿದ್ದೆ.

ಫೆಬ್ರವರಿಯಲ್ಲಿ ಅಂಚೆ ಕಚೇರಿಯ ದುಡ್ಡು ಬಂತು. ಅದೇ ವಾರ ಒಂದು ಸಂಜೆ ಇವರು ಆಫೀಸಿನಿಂದ ಒಂದು ಕಾಗದ ಹಿಡಿದು ಬಂದರು. ಮುಖ ಅರಳಿತ್ತು. ಬೈಕು ಕೊಳ್ಳಲು ಸರ್ಕಾರ ಕೊಡುವ ಮುಂಗಡಕ್ಕೆ ನನಗೆ ಹೇಳದೆ ಅರ್ಜಿ ಹಾಕಿದ್ದರು, ಅದು ಮಂಜೂರಾಗಿತ್ತು.

"ನಿನ್ನ ದುಡ್ಡು ಮುಟ್ಟೋದು ಬೇಡ. ಗ್ರೈಂಡರ್ ತಗೋ. ಬೈಕಿಗೆ ಇದು ಸಾಕು, ಸಂಬಳದಲ್ಲಿ ಮುರ್ಕೊಳ್ತಾರೆ. ನಾಳಿದ್ದಿನಿಂದ ನೀನು ಚೀಲ ಎಳೀಬೇಕಾಗಿಲ್ಲ. ಇಪ್ಪತ್ತಾರು ಮನೆಗೂ ಮೊದಲಿನ ಹಾಗೇ ಬೆಳಿಗ್ಗೆ ನಾನು ಕೊಟ್ಟು ಬರ್ತೀನಿ."

ಎರಡೂ ಸಿಗುವಂತಿತ್ತು. ಸಂಬಳದಲ್ಲಿ ಮುರಿದುಕೊಂಡರೆ ತಿಂಗಳ ಕೊನೆಯ ವಾರ ತಿಳಿಸಾರಿನಲ್ಲಿ ಕಳೆಯಬೇಕಾಗುತ್ತಿತ್ತು, ಅದೇನೂ ನಮಗೆ ಹೊಸದಲ್ಲ. ಆದರೂ ನನ್ನ ಬಾಯಿಂದ ಬಂದದ್ದು ಒಂದೇ ಮಾತು.

"ಬೇಡ."

"ಯಾಕೆ? ದುಡ್ಡಿಗಾ?"

ದುಡ್ಡಿಗೆ ಎಂದುಬಿಟ್ಟಿದ್ದರೆ ಸುಲಭವಿತ್ತು. ನಾನು ನಿಜ ಹೇಳಿದೆ. "ಪುಕ್ಕಟೆ ಕೊಟ್ರೂ ಬೇಡ. ಆಫೀಸಿಗೆ ಬೇಕಾದ್ರೆ ತಗೊಳ್ಳಿ. ಹಿಟ್ಟಿಗೆ ಬೇಡ. ಹಿಟ್ಟು ಸಂಜೆಯೇ ಹೋಗಬೇಕು, ನಾನೇ ತಗೊಂಡು ಹೋಗ್ತೇನೆ. ಹನ್ನೊಂದು ಮನೆಯಾದ್ರೆ ಹನ್ನೊಂದೇ."

"ಆಫೀಸಿಗೆ ಬಸ್ಸಿದೆ," ಎಂದರು. ಕಾಗದವನ್ನು ಮಡಿಸಿದರು, ಬಿಡಿಸಿದರು. ನನ್ನ ಮುಖ ನೋಡದೆ ಕೇಳಿದರು. "ಹಾಗಾದ್ರೆ ಬೆಳಿಗ್ಗೆ ನಾನು ಏನು ಮಾಡ್ಲಿ?"

ಆಮೇಲೆ ಅವರೇ ಒಂದೊಂದಾಗಿ ಹೇಳಿದರು. ಐದನೇ ಮನೆಯ ತಮಿಳು ತಾತ ದಿನಾ ಬಾಗಿಲಲ್ಲೇ ಕಾದು ನಿಂತು ಮಳೆ, ಚಳಿ, ಕ್ರಿಕೆಟ್ಟು ಮಾತಾಡಿಸುತ್ತಿದ್ದರಂತೆ. ಹದಿನಾಲ್ಕನೇ ಮನೆಯಲ್ಲಿ ಸ್ಟೀಲ್ ಲೋಟದ ತುಂಬ ಕಾಫಿ ಕೊಡದೆ ಕಳಿಸುತ್ತಿರಲಿಲ್ಲವಂತೆ. ಆಫೀಸಿನಲ್ಲಿ ಇಡೀ ದಿನ ಇವರನ್ನು ಫೈಲಿನ ನಂಬರ್ ಹೇಳಿ ಕರೆಯುತ್ತಾರಂತೆ. "ಅಲ್ಲಿ ಬಾಗಿಲು ತೆಗೀತಿದ್ದ ಹಾಗೇ ಬನ್ನಿ ಬನ್ನಿ ಅಂತಿದ್ರು," ಎಂದರು. ಧಾರವಾಡದಾಕೆಯ ಹೊಗಳಿಕೆ ಯಾಕೆ ಮನೆಗೆ ಬರಲಿಲ್ಲ ಎಂಬುದು ಆಗ ತಿಳಿಯಿತು. ಅದು ನನ್ನದು ಎಂದು ಅವರಿಗೂ ಗೊತ್ತಿತ್ತು, ಕೊಡಲು ಮನಸ್ಸು ಬಂದಿರಲಿಲ್ಲ. ಇವರಿಗೆ ಹಿಟ್ಟು ಹೊರುವುದು ನಾಚಿಕೆ ಎಂದು ನಾಲ್ಕು ವರ್ಷ ನಂಬಿದ್ದೆನಲ್ಲ, ನನ್ನಂಥ ದಡ್ಡಿ ಇನ್ನೊಬ್ಬಳಿರಲಿಲ್ಲ.

ತಗೊಳ್ಳಿ ಬೈಕು ಎಂದುಬಿಡಲೇ ಎನಿಸಿತು. ಹೇಳಲಿಲ್ಲ. ಆ ಮೆಟ್ಟಿಲುಗಳನ್ನು ನಾನು ಈಗಷ್ಟೇ ಹತ್ತಿದ್ದೆ. ಇವರ ಮೇಲಿನ ಪ್ರೀತಿಗೂ ಅವನ್ನು ವಾಪಸು ಕೊಡುವಂತಿರಲಿಲ್ಲ. ಅವರಿಗೂ ಅದು ಅರ್ಥವಾಗಿರಬೇಕು. ಎದ್ದು ಕಾಗದವನ್ನು ಪೆಟ್ಟಿಗೆಯೊಳಗಿಟ್ಟರು.

"ನಾಲ್ಕೂವರೆಗೆ ಹೇಗೂ ಏಳ್ತೀರಲ್ಲ," ಎಂದೆ. "ಅಕ್ಕಿ ಆರಿಸಿ, ಉದ್ದು ತೊಳೆದು ನೆನೆಹಾಕಿ. ಆಗ ಹಾಕಿದ್ರೆ ಮಧ್ಯಾಹ್ನ ರುಬ್ಬೋಕೆ ಸರಿಯಾಗುತ್ತೆ. ಭಾನುವಾರ ಸಂಜೆ ನನ್ನ ಜೊತೆ ಬನ್ನಿ, ತಾತ ನಿಮ್ಮನ್ನ ದಿನಾ ಕೇಳ್ತಾರೆ."

ಮರುದಿನ ಕತ್ತಲಿರುವಾಗಲೇ ಅಡಿಗೆಮನೆಯಲ್ಲಿ ದೀಪ ಹತ್ತಿತು. ಪಾತ್ರೆಯ ಸದ್ದು, ನಲ್ಲಿಯ ಸದ್ದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಬಾಗಿಲಲ್ಲಿ ಬಂದು ನಿಂತು ಮೆಲ್ಲಗೆ ಕರೆದರು.

"ಎದ್ದಿದ್ದೀಯಾ? ಉದ್ದಿಗೆ ನೀರು ಎಷ್ಟು ಹಾಕ್ಬೇಕು?"

ನಾಲ್ಕು ವರ್ಷ ಹೊತ್ತ ಹಿಟ್ಟಿನ ಉದ್ದು ಎಷ್ಟು ನೀರು ಕುಡಿಯುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ರಜಾಯಿ ಸರಿಸಿ ಎದ್ದು ಹೋದೆ. ಅವರ ಬೆರಳನ್ನು ಹಿಡಿದು ಪಾತ್ರೆಯೊಳಗೆ ಉದ್ದಿನ ಮೇಲೆ ನೆಟ್ಟಗೆ ನಿಲ್ಲಿಸಿ, ಎರಡನೇ ಗೆರೆ ಮುಳುಗುವವರೆಗೆ ನೀರು ಹಾಕಿ ತೋರಿಸಿದೆ. ನೀರು ಮಂಜುಗಡ್ಡೆಯಂತೆ ತಣ್ಣಗಿತ್ತು. ಇಬ್ಬರೂ ಕೈ ತೆಗೆಯಲಿಲ್ಲ.